ನರಿ ಭಾಷೆಯೂ ನನ್ನ ಲೋಹಚುಂಬಕವೂ

ಇವತ್ತು ಮುಂಜಾನೆ ನನ್ನ ಕೈಯಿಂದ ಸೂಜಿ ಬಿತ್ತು. ದರ್ಜಿಯ ಕೈಯಿಂದ ಸೂಜಿ ಬೀಳುವುದೇನು ದೊಡ್ಡ ಸುದ್ದಿಯಲ್ಲ, ದಿನಕ್ಕೆ ನಾಲ್ಕು ಸಲ ಬೀಳುತ್ತದೆ. ಬಿದ್ದ ಕೂಡಲೇ ನನ್ನ ಎಡಗೈ, ನನ್ನನ್ನು ಕೇಳದೆಯೇ, ಮೇಜಿನ ಕೆಳಗಿನ ಮೊಳೆಯ ಕಡೆ ಹೋಯಿತು. ಮೊಳೆ ಇತ್ತು. ಅದಕ್ಕೆ ಅಂಟಿಕೊಂಡಿರಬೇಕಾದ ಲೋಹಚುಂಬಕ ಇರಲಿಲ್ಲ. ನಲವತ್ತು ವರ್ಷ ಅಲ್ಲೇ ಇದ್ದ ಆ ಚುಂಬಕ ಈಗ ನರಗುಂದದಲ್ಲಿ, ನನ್ನ ತಂಗಿಯ ಮನೆಯಲ್ಲಿದೆ. ನಾನು ಮೊಣಕಾಲೂರಿ, ಕನ್ನಡಕ ಏರಿಸಿಕೊಂಡು, ನೆಲದ ಮೇಲೆ ಅಂಗೈ ಆಡಿಸುತ್ತಾ ಹುಡುಕತೊಡಗಿದೆ. ಹುಡುಕುತ್ತಾ ಹುಡುಕುತ್ತಾ ನಗು ಬಂತು. ಐವತ್ತೆರಡು ವರ್ಷದ ಮನುಷ್ಯ ನೆಲದ ಮೇಲೆ ತೆವಳುತ್ತಾ ಒಬ್ಬನೇ ನಗುವುದನ್ನು ನೋಡಿ ಗಿರಾಕಿಯೊಬ್ಬರು ಬಾಗಿಲಿನಿಂದಲೇ ತಿರುಗಿ ಹೋದರು. ಹೋಗಲಿ. ನಿಮಗಾದರೂ ಕಾರಣ ಹೇಳಿಬಿಡುತ್ತೇನೆ. ಇಪ್ಪತ್ತನಾಲ್ಕು ವರ್ಷ ಹೇಳದೆ ಇಟ್ಟುಕೊಂಡು ನೋಡಿದ್ದೇನೆ, ಅದರಿಂದ ಏನೂ ಸುಖವಾಗಿಲ್ಲ.

ನನ್ನ ಹೆಸರು ಖಾಜಾಸಾಬ. ರೋಣದ ಬಸ್‌ಸ್ಟ್ಯಾಂಡಿನಿಂದ ಪೇಟೆಗೆ ಹೋಗುವಾಗ ಹತ್ತಿ ಗಾಡಿಗಳು ಹೊರಳುವ ಮೂಲೆಯಲ್ಲಿ ನನ್ನ ಅಂಗಡಿ. ಅಂಗಿಯ ಗುಂಡಿ ಹಾಕುವ ತೂತಿಗೆ ನಮ್ಮ ಕಸುಬಿನಲ್ಲಿ ಕಾಜಾ ಅನ್ನುತ್ತಾರೆ. "ಕಾಜಾ ಹೊಲಿಯೋ ಖಾಜಾ" ಎಂದು ಗಿರಾಕಿಗಳಲ್ಲಿ ಅಪ್ಪ ನಕ್ಕ ಮೇಲೆ ಮಗ ನಗುತ್ತಾನೆ, ಈಗ ಮೊಮ್ಮಗನೂ ಶುರುಮಾಡಿದ್ದಾನೆ. ನಾನೂ ಪ್ರತಿ ಸಲ ಹೊಸದಾಗಿ ಕೇಳಿದವನ ಹಾಗೆ ನಗುತ್ತೇನೆ. ಗಿರಾಕಿ ಅಲ್ಲವೇ? ಶಾಲೆ ಕಲಿತದ್ದು ಏಳನೇ ಇಯತ್ತೆಯವರೆಗೆ. ನಮ್ಮ ಅಬ್ಬಾನ ಕಣ್ಣು ಮಂದವಾಗಿ ಸೂಜಿಗೆ ದಾರ ಪೋಣಿಸಲು ಆಗದಾದಾಗ ನಾನು ಮಷೀನಿನ ಮುಂದೆ ಕುಳಿತೆ. ಹಾಗೆ ಕುಳಿತವನು ಇನ್ನೂ ಎದ್ದಿಲ್ಲ.

ಆ ಚುಂಬಕ, ಸತ್ತ ರೇಡಿಯೋ ಒಂದರ ಎದೆಯಿಂದ ಅಬ್ಬಾ ಬಿಚ್ಚಿ ತೆಗೆದದ್ದು. ಬಟ್ಟಲಿನಷ್ಟು ಅಗಲ, ನಡುವೆ ತೂತು. "ಸೂಜಿ ನೆಲದಾಗ ಬಿಟ್ರ ಗಿರಾಕಿ ಕಾಲಿಗೆ ಚುಚ್ಚತೈತಿ. ಗಿರಾಕಿ ಕಾಲಿಗೆ ಚುಚ್ಚಿದ್ದು ನಮ್ಮ ಹೊಟ್ಟಿಗೆ ಬಂದು ನಡತೈತಿ" ಎಂದು ಅಬ್ಬಾ ಅನ್ನುತ್ತಿದ್ದರು. ನನಗೂ ನನ್ನ ತಂಗಿಗೂ ಅದೇ ಆಟಿಕೆ. ತಂಗಿ ನನಗಿಂತ ಎಂಟು ವರ್ಷ ಚಿಕ್ಕವಳು. ಹೆಸರು ಮೆಹರುನ್ನಿಸಾ, ಕರೆಯುವುದು ಮುನ್ನಿ. ಚುಂಬಕಕ್ಕೆ ದಾರ ಕಟ್ಟಿ ಓಣಿಯ ಮಣ್ಣಿನಲ್ಲಿ ಎಳೆದುಕೊಂಡು ಹೋಗುತ್ತಿದ್ದೆವು. ಮಣ್ಣಿನೊಳಗಿನ ಕಬ್ಬಿಣದ ಪುಡಿ ಅಂಟಿ ಅದಕ್ಕೆ ಕರಿ ಮೀಸೆ ಬರುತ್ತಿತ್ತು. ನನಗೆ ಮೀಸೆ ನೋಡಿದರೆ ಸಾಕು. ಮುನ್ನಿಗೆ ಸಾಲದು.

"ಭಾಯೀ, ಇದಕ್ಕ ಸೂಜಿ ಅಷ್ಟ ಯಾಕ ಕಾಣತೈತಿ? ಗುಂಡಿ ಯಾಕ ಕಾಣಂಗಿಲ್ಲ?"

"ಅದರ ಮರ್ಜಿ" ಎಂದು ನಾನು ಅನ್ನುತ್ತಿದ್ದೆ. ಅಷ್ಟೇ ನನ್ನ ವಿದ್ಯೆ.

ಮುನ್ನಿ ಪಿಯುಸಿ ಮುಗಿಸಿ, ದಿನಾ ಬಸ್ಸು ಹತ್ತಿ ಗಜೇಂದ್ರಗಡಕ್ಕೆ ಹೋಗಿ ಕಂಪ್ಯೂಟರ್ ಕಲಿಯತೊಡಗಿದಳು. ಮಗ್ಗದ ಓಣಿಯಲ್ಲಿ, ಸೀರೆ ಅಂಗಡಿಯ ಮಾಳಿಗೆಯ ಮೇಲಿನ ಕೋಣೆ. ನಾನೊಮ್ಮೆ ಬಿಡಲು ಹೋಗಿದ್ದೆ. ಕೆಳಗೆ ಮಗ್ಗದ ಖಟಖಟ, ಮೇಲೆ ಕಂಪ್ಯೂಟರಿನ ಗುಂಯ್. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಒಳಗೆ ತಂಪು, ಎಲ್ಲರೂ ಪಿಸುಮಾತು. ದರ್ಗಾಕ್ಕೆ ಹೋದಂತಾಗಿ ನಾನು ತಲೆಗೆ ವಸ್ತ್ರ ಕಟ್ಟಿಕೊಂಡೆ. ಮುನ್ನಿ ನಾಚಿ ಕೆಂಪಾದಳು.

"ಇಲ್ಲಿ ಏನ ಕಲಿಸ್ತಾರ?" ಎಂದು ಬಸ್ಸಿನಲ್ಲಿ ಕೇಳಿದೆ.

"ಭಾಷಿ, ಭಾಯೀ. ಮಷೀನಿಗೆ ತಿಳಿಯೋ ಭಾಷಿ. ಫಾಕ್ಸ್‌ಪ್ರೋ ಅಂತ."

"ಫಾಕ್ಸ್ ಅಂದ್ರ?"

"ನರಿ."

ಅಷ್ಟು ಸಾಕಾಯಿತು. ತಂಗಿ ನರಿ ಭಾಷೆ ಕಲಿಯುತ್ತಿದ್ದಾಳೆ ಎಂದು ಅಂಗಡಿಗೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳಿದೆ. ಪಕ್ಕದ ಚಹಾದ ಬಸಣ್ಣ ಕಿಟಲಿ ಕೆಳಗಿಟ್ಟು ಕೇಳಿದ: "ಏನ್ರಿ ಖಾಜಾಭಾಯಿ, ಊರಾಗ ಮಂದಿ ಮುಗದ್ರೇನು? ನರಿ ಜೋಡಿ ಮಾತಾಡಾಕ ಹೊಂಟಾಳಲ್ಲ ನಿಮ್ಮ ಮುನ್ನಿ?"

ಆಕೆ ಬರೆದದ್ದನ್ನು ಉದ್ದ ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಬಂದು, ನನ್ನ ಕಟಿಂಗ್ ಮೇಜಿನ ಮೇಲೆ ಹಾಸಿ, ಪೆನ್ಸಿಲ್ ಕಚ್ಚುತ್ತಾ ನೋಡುತ್ತಿದ್ದಳು. ಒಂದು ದಿನ ಕೇಳಿದೆ, ಏನು ಮಾಡಾಕತ್ತಿ ಅಂತ. "ಬಗ್ ಹುಡುಕಾಕತ್ತೇನಿ" ಅಂದಳು. ನನಗೆ ಪಾಪ ಅನಿಸಿತು. ಮೆಲ್ಲಗೆ ಬಗ್ಗಿ ಮೇಜಿನ ಕೆಳಗೆ ಹೋಗಿ ನಾನೂ ಹುಡುಕತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಮೇಲಿನಿಂದ ಮುಖವೊಂದು ಇಣುಕಿತು.

"ಕೆಳಗ ಏನ ಮಾಡತೀ ಭಾಯೀ?"

"ಬಗ್ಗಿ ಹುಡುಕಾಕತ್ತೇನಿ. ಏನ ಬಿದ್ದೈತಿ ಅದನ್ನರ ಹೇಳು."

ಆಕೆ ನಕ್ಕು ನಕ್ಕು ಬಿಕ್ಕಳಿಕೆ ಬಂದು ನೀರು ಕುಡಿದಳು. ಬಗ್ ಅಂದರೆ ಬರೆದದ್ದರಲ್ಲಿ ಅಡಗಿ ಕುಳಿತ ತಪ್ಪು ಎಂದು ಆಮೇಲೆ ಹೇಳಿದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಏನು ಕಳೆದರೂ, ಕೀಲಿಕೈ ಇರಲಿ ಕೋಳಿ ಇರಲಿ, ಒಂದೇ ಮಾತು: ಬಗ್ಗಿ ಹುಡುಕು.

ಕಲಿಕೆ ಮುಗಿಯುವ ಹೊತ್ತಿಗೆ ಒಬ್ಬೊಬ್ಬರೂ ತಮ್ಮ ಕೈಯಿಂದಲೇ ಒಂದು ದೊಡ್ಡ ಪ್ರೋಗ್ರಾಂ ಬರೆದು ತೋರಿಸಬೇಕಿತ್ತು. ಮುನ್ನಿ ಆರಿಸಿಕೊಂಡದ್ದು ನನ್ನ ಕಸುಬನ್ನು. ಮನುಷ್ಯನ ಎದೆ, ಹೆಗಲು, ಸೊಂಟದ ಅಳತೆ ಕೊಟ್ಟರೆ ಎಷ್ಟು ಬಟ್ಟೆ ಬೇಕು, ಎಲ್ಲಿ ಕತ್ತರಿಸಬೇಕು ಎಂದು ಮಷೀನೇ ಹೇಳಬೇಕು. ಎದೆ ಮೂವತ್ತಾರಿದ್ದರೆ ಹೆಗಲು ಹದಿನೇಳು ಎಂದು ನಾನು ಅಂಕಿ ಹೇಳುತ್ತಾ ಹೋದೆ, ಆಕೆ ಬರೆದುಕೊಂಡಳು. ಯಾರದು ಚಲೋ ಆಗುತ್ತದೋ ಅವರನ್ನು ಅಲ್ಲೇ ಕಲಿಸಲು ಇಟ್ಟುಕೊಳ್ಳುತ್ತೇನೆ ಎಂದು ಅಲ್ಲಿಯ ಸರ್ ಹೇಳಿದ್ದರು. ಮುನ್ನಿಯದೇ ಎಲ್ಲರಿಗಿಂತ ಮುಂದಿತ್ತು. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ವಾರಕ್ಕೊಮ್ಮೆ ಎಲ್ಲ ಅಳಿಸುತ್ತಿದ್ದರು. ಹಾಗಾಗಿ ಇದ್ದದ್ದು ಒಂದೇ ಪ್ರತಿ, ಒಂದು ಫ್ಲಾಪಿಯಲ್ಲಿ. ಈಗಿನವರು ನೋಡಿರಲಿಕ್ಕಿಲ್ಲ: ಅಂಗೈಯಗಲದ ಕರಿ ಚೌಕ, ತುದಿಗೆ ಸರಿಯುವ ತಗಡಿನ ಬಾಗಿಲು.

ಮನೆಯಲ್ಲಿ ಚಿಕ್ಕಪ್ಪನ ಮಕ್ಕಳು ಎಲ್ಲದರ ಮೇಲೂ ಕೈಯಾಡಿಸುತ್ತವೆಂದು ಆಕೆ ಶನಿವಾರ ಅದನ್ನು ನನ್ನ ಅಂಗಡಿಯ ಡ್ರಾದಲ್ಲಿ ಇಟ್ಟಳು. ಸೋಮವಾರ ತೋರಿಸುವುದಿತ್ತು.

"ಭಾಯೀ, ಲೋಹಚುಂಬಕ ಇದರ ಹತ್ತರ ತರಬ್ಯಾಡ. ಎಲ್ಲಾ ಅಳಿಸಿ ಹೋಕೈತಿ. ಭಾಷಿ ಕೊಡು."

"ಕೊಟ್ಟೆ ತಗೋ."

"ಹಂಗಲ್ಲ. ಕೈಯಾಗ ಕೈ ಇಟ್ಟು."

ಕೈಯಲ್ಲಿ ಕೈಯಿಟ್ಟೆ. ಕನ್ನಡದಲ್ಲಿ ಆಡುವ ಮಾತೂ ಭಾಷೆ, ಕೊಡುವ ಮಾತೂ ಭಾಷೆ. ನಮ್ಮ ಮನೆಯ ಉರ್ದುವಿನಲ್ಲೂ ಹಾಗೆಯೇ, ಎರಡಕ್ಕೂ ಜಬಾನ್. ಆಕೆ ಕಲಿತ ಭಾಷೆಯ ಮೇಲೆ ನಾನು ನನ್ನ ಭಾಷೆ ಕೊಟ್ಟಿದ್ದೆ.

ಈಗ ತಪ್ಪೊಪ್ಪಿಗೆ. ರವಿವಾರ ಅಂಗಡಿಯಲ್ಲಿ ಗಿರಾಕಿ ಕಡಿಮೆ. ಬಂದ ಇಬ್ಬರೂ ಬಟ್ಟೆಯ ಮಾತು ಬಿಟ್ಟು, "ನಿಮ್ಮ ಮುನ್ನಿ ಭಾಳ ಶಾಣ್ಯಾಕಿ ಬಿಡ್ರಿ, ನಾಳಿ ಮಾಸ್ತರಬಾಯಿ ಆಗತಾಳಂತಲ್ಲ" ಎಂದರು. ಒಬ್ಬರು ಹೊರಡುವಾಗ, "ಅಂಕಿ ಹೊಡದ್ರ ಮಷೀನ ಕಟಿಂಗ್ ಹೇಳತೈತಂತ, ಇನ್ನ ನಿಮಗ ಆರಾಮ" ಎಂದು ಬೆನ್ನು ತಟ್ಟಿದರು. ಬೆನ್ನು ತಟ್ಟಿದ ಜಾಗ ಸಂಜೆಯವರೆಗೆ ಉರಿಯಿತು. ನನ್ನ ಹದಿನೈದು ವರ್ಷದ ವಿದ್ಯೆ ಆ ಕರಿ ಚೌಕದಲ್ಲಿ ಹಿಡಿಸಿತೇ? ಡ್ರಾ ತೆಗೆದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಚುಂಬಕ ತಂದರೆ ಅಳಿಸಿ ಹೋಗುತ್ತದಂತೆ! ಎಲ್ಲಾದರೂ ಉಂಟೇ? ಚುಂಬಕ ಇಷ್ಟು ವರ್ಷ ನನ್ನ ಕತ್ತರಿಯ ಪಕ್ಕದಲ್ಲೇ ಇತ್ತು, ಕತ್ತರಿ ಕತ್ತರಿಸುವುದನ್ನು ಮರೆತಿತ್ತೇ? ಮೊಳೆಯಿಂದ ಕಿತ್ತು ತಂದು ಫ್ಲಾಪಿಯ ಮೇಲಿಟ್ಟೆ. ತಗಡಿನ ಬಾಗಿಲು ಟಪ್ಪೆಂದು ಅಂಟಿಕೊಂಡಿತು. ಎತ್ತಿದೆ, ಮತ್ತೆ ಇಟ್ಟೆ. ಟಪ್. ಆ ಸದ್ದು ನನಗೆ ಬಲು ಇಷ್ಟವಾಯಿತು. ಮಕ್ಕಳ ಹಾಗೆ ಎಂಟು ಹತ್ತು ಸಲ ಆಡಿದೆ. ಫ್ಲಾಪಿ ಹೊರಗಿನಿಂದ ಹಾಗೆಯೇ ಇತ್ತು, ಒಂದು ಗೀರೂ ಇಲ್ಲ. ನೋಡಿದಿಯಾ, ಏನೂ ಆಗಲಿಲ್ಲ ಎಂದು ನನಗೆ ನಾನೇ ಹೇಳಿ ಡ್ರಾದಲ್ಲಿಟ್ಟೆ.

ಸೋಮವಾರ ಮಧ್ಯಾಹ್ನದ ಬಸ್ಸಿಗೆ ಮುನ್ನಿ ಮರಳಿ ಬಂದಳು. ಅಂಗಡಿಗೆ ಬರಲಿಲ್ಲ, ಮುಂದಿನಿಂದ ನಡೆದು ಹೋದಳು. ಮನೆಗೆ ಹೋದರೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು.

"ಮಷೀನ ಓದಲಿಲ್ಲ ಭಾಯೀ. ಇದರಾಗ ಏನೂ ಇಲ್ಲ ಅಂತು. ಧೂಳಿ ಹೊಕ್ಕಿರಬೇಕು."

"ಹೌದು, ನಮ್ಮೂರಾಗ ಧೂಳಿ ಭಾಳ" ಎಂದೆ.

ಆ ನಾಲ್ಕು ಮಾತುಗಳೇ ನನ್ನ ಪಾಪ. ಚುಂಬಕ ಇಟ್ಟದ್ದು ಹುಡುಗಾಟ, ಹೊಟ್ಟೆಕಿಚ್ಚು, ಏನಾದರೂ ಅನ್ನಿ. ಧೂಳು ಅಂದದ್ದು ಮಾತ್ರ ನಾನು ನನ್ನ ಪೂರಾ ಬುದ್ಧಿಯಿಂದ ಅಂದದ್ದು. ಕಲಿಸುವ ಕೆಲಸ ಬೇರೊಬ್ಬರಿಗೆ ಹೋಯಿತು.

ಮೂರು ತಿಂಗಳು ಆಕೆ ಗಜೇಂದ್ರಗಡದ ಬಸ್ಸು ಹತ್ತಲಿಲ್ಲ. ಆಮೇಲೆ ಒಂದು ದಿನ ಹೊಸ ನೋಟಬುಕ್ಕು ಹಿಡಿದು ಅಂಗಡಿಗೆ ಬಂದಳು. ಅಲ್ಲಿಯ ಸರ್ ಹೇಳಿ ಕಳಿಸಿದ್ದರಂತೆ, ನರಿ ಭಾಷೆ ಮುದುಕಾಯಿತು, ಈಗ ಬೇರೆ ಭಾಷೆ ಬಂದಿದೆ, ಬೇಕಾದರೆ ಬಂದು ಹೊಸದಾಗಿ ಬರೆಯಲಿ ಅಂತ. ಎಷ್ಟು ಬೇಗ ನೋಡಿ! ಆಕೆ ಕಣ್ಣು ಕೆಂಪು ಮಾಡಿಕೊಂಡು ಕಲಿತದ್ದು ಆರು ತಿಂಗಳಲ್ಲಿ ಬೆಲ್ ಬಾಟಮ್ ಪ್ಯಾಂಟಿನ ಹಾಗೆ ಹಳೆಯದಾಗಿತ್ತು.

"ಮತ್ತ ಹೇಳು ಭಾಯೀ. ಮೊದಲಿನಿಂದ."

ಒಂದು ವಾರ ನಾನು ಹೊಲಿಗೆ ಮಷೀನಿಗೆ ಮುಸುಕು ಹಾಕಿ ಆಕೆಗೆ ಹೇಳಿಕೊಟ್ಟೆ. ತಪ್ಪು ಮಾಡಿದವನಷ್ಟು ಚೆನ್ನಾಗಿ ಯಾವ ಮಾಸ್ತರನೂ ಕಲಿಸಲಾರ. ಈ ಸಲ ಆಕೆಗೆ ಬರೀ ಅಂಕಿ ಸಾಲಲಿಲ್ಲ. ಎದೆ ಮೂವತ್ತಾರಿದ್ದರೆ ಹೆಗಲು ಹದಿನೇಳೇ ಯಾಕೆ? ಕಂಕುಳಲ್ಲಿ ಸೊಟ್ಟ ಯಾಕೆ ಕತ್ತರಿಸುತ್ತೀ? ಬೆನ್ನಿನ ಬಟ್ಟೆ ಎದೆಗಿಂತ ಉದ್ದ ಯಾಕೆ? ನನಗೇನು ಗೊತ್ತು, ಅಬ್ಬಾ ಹಾಗೆ ಕತ್ತರಿಸುತ್ತಿದ್ದರು, ನಾನೂ ಕತ್ತರಿಸಿದೆ. ಮೂಲೆಯ ಹಗ್ಗದ ಹೊರಸಿನ ಮೇಲಿಂದ ಅಬ್ಬಾ, ಕಣ್ಣು ಕಾಣದ ಅಬ್ಬಾ, ಒಂದೊಂದಕ್ಕೂ ಉತ್ತರ ಕೊಟ್ಟರು. ಗಾಳಿಯಲ್ಲಿ ಕೈಯಾಡಿಸಿ ಮನುಷ್ಯನ ಬೆನ್ನು ಬರೆದು ತೋರಿಸಿದರು.

"ಕಟಿಂಗ್ ಕಲೀಬ್ಯಾಡ್ರಿ, ಮೈ ಕಲೀರಿ. ಕಟಿಂಗ್ ಇವತ್ತು ಇದು, ನಾಳಿ ಮತ್ತೊಂದು. ಹೆಗಲು ಎಲ್ಲಿ ಹೋದೀತು?"

ಆಗ ನನಗೆ ಹೊಳೆದದ್ದು: ಹದಿನೈದು ವರ್ಷ ನಾನು ಕಲಿತದ್ದು ಕಟಿಂಗ್ ಮಾತ್ರ. ಮುನ್ನಿ ಒಂದು ವಾರದಲ್ಲಿ ಮೈ ಕಲಿತಳು. ಹೊಸ ಭಾಷೆಯಲ್ಲಿ ಆಕೆ ಬರೆದ ಪ್ರೋಗ್ರಾಂ ಹಳೆಯದರ ಅರ್ಧ ಉದ್ದವಿತ್ತಂತೆ, ಎರಡರಷ್ಟು ಚಲೋ ಇತ್ತಂತೆ. ಈ ಸಲ ಸರ್ ಆಕೆಯನ್ನು ಅಲ್ಲೇ ಕಲಿಸಲು ಇಟ್ಟುಕೊಂಡರು. ನನಗೆ ಖುಷಿಯೋ ಖುಷಿ. ಇಷ್ಟು ಒಳ್ಳೆಯದಾಗಿರುವಾಗ ಚುಂಬಕದ ಮಾತು ಯಾಕೆ ಎಂದು ಬಾಯಿ ಮುಚ್ಚಿಕೊಂಡೆ. ಕಳ್ಳನಿಗೆ ಪಿಳ್ಳೆ ನೆವ.

ಆಮೇಲೆ ಭಾಷೆಗಳು ಬಂದವು ನೋಡಿ, ಜಾತ್ರೆಗೆ ಬಳೆಗಾರರು ಬಂದ ಹಾಗೆ. ಆಕೆ ಕೆಲಸ ಮಾಡುತ್ತಲೇ ಡಿಗ್ರಿ ಮುಗಿಸಿದಳು, ನರಗುಂದಕ್ಕೆ ಮದುವೆಯಾಗಿ ಹೋದಳು, ಅಲ್ಲೇ ಕಾಲೇಜಿನಲ್ಲಿ ಕಲಿಸತೊಡಗಿದಳು. ಪ್ರತಿ ಸಲ ಫೋನು ಮಾಡಿದಾಗ ಹೊಸದೊಂದು ಹೆಸರು. "ಈಗ ಜಾವಾ ಕಲಿಸಾಕತ್ತೇನಿ ಭಾಯೀ" ಎಂದಾಗ ಅಂಗಡಿಯಲ್ಲಿ ಮುಶಿಗೇರಿಯ ಗೌಡರು ಕೋಟಿನ ಅಳತೆ ಕೊಡುತ್ತಾ ನಿಂತಿದ್ದರು. "ಚಲೋ ಗಾಡಿ ಬಿಡ್ರಿ" ಎಂದರು ತಲೆಯಾಡಿಸುತ್ತಾ. "ನಮ್ಮಲ್ಲೂ ಒಂದು ಜಾವಾ ಇತ್ತು. ಕಿಕ್ ಹೊಡಿಯೂದು ಕಷ್ಟ. ಹೆಣ್ಮಗಳು, ಜ್ವಾಕಿ ಅಂತ ಹೇಳ್ರಿ." ಈಗಿನದು ಪೈಥಾನ್. ಹೆಬ್ಬಾವು. "ನರಿಯಿಂದ ಶುರುವಾಗಿ ಹೆಬ್ಬಾವಿಗೆ ಬಂತು. ಮುಂದ ಹುಲಿ ಬರೂದ್ರೊಳಗ ರಿಟೈರ್ ಆಗಾಕ ಹೇಳ್ರಿ" ಎಂದು ಬಸಣ್ಣ ಇವತ್ತಿಗೂ ಅನ್ನುತ್ತಾನೆ.

ಆಕೆಗೊಂದು ಚಟ ಅಂಟಿತ್ತು. ಯಾವುದನ್ನು ಬರೆದರೂ ಮೂರು ಪ್ರತಿ. ನನ್ನ ಮಗಳ ನಿಕಾಹಕ್ಕೆ ಕರೆಯುವವರ ಯಾದಿ ಮೂರು ಪ್ರತಿ, ಒಂದು ನನ್ನಲ್ಲಿ, ಒಂದು ಆಕೆಯಲ್ಲಿ, ಒಂದು ಅಕ್ಕಿ ಡಬ್ಬಿಯಲ್ಲಿ. ಬಿರಿಯಾನಿ ಮಾಡುವ ಬಗೆಯೂ ಮೂರು ಪ್ರತಿ. ನಾವೆಲ್ಲ ನಗುತ್ತಿದ್ದೆವು. ಯಾಕೆ ಹೀಗೆ ಎಂದು ನಾನೊಬ್ಬನಾದರೂ ಯೋಚಿಸಬೇಕಿತ್ತು.

ಹೋದ ತಿಂಗಳು ಫೋನು ಬಂತು. "ಭಾಯೀ, ಶನಿವಾರ ನಮ್ಮ ಕಾಲೇಜಿಗೆ ಬಾ. ಹುಡುಗರಿಗೆ ಒಂದು ಪಾಠ ಮಾಡಬೇಕು."

"ನಾನ? ಏಳನೇ ಇಯತ್ತೆ ಪಾಸಾದಾವ ನಾನ?"

"ಪಾಸಾಗಿದ್ದಿಯೇನು?"

"ಪರೀಕ್ಷಾಕ್ಕ ಕುಂತಿದ್ದೆ."

ಸಂಗತಿ ಏನೆಂದರೆ, ಈಗ ಪ್ರೋಗ್ರಾಂ ಬರೆಯುವ ಮಷೀನೂ ಬಂದಿದೆಯಂತೆ. ಇಂಥದ್ದು ಬೇಕು ಎಂದು ಮಾತಿನಲ್ಲಿ ಹೇಳಿದರೆ ಸಾಕು. "ಕನ್ನಡದಾಗ ಹೇಳಿದ್ರೂ ಬರೀತೈತಿ ಭಾಯೀ!" ಎನ್ನುವಾಗ ಮುನ್ನಿಯ ದನಿ ಮಣ್ಣಿನಲ್ಲಿ ಚುಂಬಕ ಎಳೆಯುತ್ತಿದ್ದ ಹುಡುಗಿಯ ದನಿಯೇ. ಆದರೆ ಹುಡುಗರು ಹೆದರಿದ್ದಾರೆ. ನಾಲ್ಕು ಭಾಷೆ ಕಲಿತೆವು, ಎಲ್ಲ ನೀರುಪಾಲೇ, ಇನ್ನೇನು ಕಲಿಯಬೇಕು ಎಂದು ಕೇಳುತ್ತಾರೆ. "ನನ್ನ ಮಾತು ಅವರ ತಲಿಗೆ ಹೋಗವಲ್ದು. ನೀ ಬಂದು ಒಂದು ಅಂಗಿ ಕಟಿಂಗ್ ಮಾಡಿ ತೋರಸು."

ನನಗೆ ಕಾಲೇಜು! ಎರಡು ದಿನ ಮೊದಲೇ ಕತ್ತರಿಗೆ ಸಾಣೆ ಹಿಡಿಸಿದೆ. ನನ್ನ ಅಂಗಿಯನ್ನು ನಾನೇ ಎರಡು ಸಲ ಇಸ್ತ್ರಿ ಮಾಡಿದೆ. ಟೇಪು, ಚಾಕ್‌ಪೀಸು, ಗುಂಡುಸೂಜಿ, ಅಬ್ಬಾ ಮಾಡಿದ್ದ ಹಳೆಯ ರಟ್ಟಿನ ಅಳತೆ ಎಲ್ಲ ಚೀಲಕ್ಕೆ ಹಾಕಿದೆ. ಗುಂಡುಸೂಜಿ ಇದ್ದಲ್ಲಿ ಬೀಳುವುದು ಇದ್ದದ್ದೇ ಎಂದು ರೂಢಿಯಂತೆ ಚುಂಬಕವನ್ನೂ ಅದಕ್ಕೇ ಹಾಕಿಕೊಂಡೆ. ನರಗುಂದದ ಬಸ್ಸಿನಲ್ಲಿ ಪಕ್ಕದವರು ಎಲ್ಲಿಗೆ ಎಂದು ಕೇಳಲಿ ಎಂದು ಕಾದೆ. ಕೇಳಲಿಲ್ಲ. ನಾನೇ ಹೇಳಿದೆ.

ದೊಡ್ಡ ಕೋಣೆ, ತುಂಬ ಹುಡುಗ ಹುಡುಗಿಯರು, ಗೋಡೆಯ ಮೇಲೆ ಬೆಳಕಿನ ಪರದೆ. ಪ್ರಿನ್ಸಿಪಾಲರನ್ನೇ ಎಬ್ಬಿಸಿ ಮುಂದೆ ನಿಲ್ಲಿಸಿದರು. ಹುಡುಗಿಯೊಬ್ಬಳು ಅವರ ಎದೆ, ಸೊಂಟ, ಎತ್ತರ ಹೇಳಿ ಮಷೀನಿಗೆ ಅಂಗಿಯ ಕಟಿಂಗ್ ಕೇಳಿದಳು. ಉಸಿರು ಬಿಡುವಷ್ಟರಲ್ಲಿ ಪರದೆಯ ಮೇಲೆ ಇಡೀ ಅಂಗಿಯ ನಕ್ಷೆ! ತೋಳು, ಕಾಲರು, ಕಂಕುಳ ಸೊಟ್ಟ, ಎಲ್ಲ. ನನಗೆ ಸಿಟ್ಟು ಬರುತ್ತದೆಂದು ಎಲ್ಲರೂ ನನ್ನ ಮುಖ ನೋಡಿದರು. ನಾನು ಚಪ್ಪಾಳೆ ತಟ್ಟಿದೆ. ಅಬ್ಬಾ ಇದ್ದಿದ್ದರೆ ಹೊರಸಿನಿಂದ ಇಳಿದು ಬರುತ್ತಿದ್ದರು. ಆಮೇಲೆ ಟೇಪು ಹಿಡಿದು ಪ್ರಿನ್ಸಿಪಾಲರ ಹಿಂದೆ ನಿಂತೆ.

"ಸರ್, ನೀವು ಫೋನ ಈ ಬಲಗಡೆ ಹೆಗಲಿಗೆ ಒತ್ತಿ ಹಿಡಕೊಂಡು ಮಾತಾಡತೀರೇನ್ರಿ?"

"ಹೌದ್ರಿ. ನಿಮಗ ಹ್ಯಾಂಗ ಗೊತ್ತಾತು?"

"ಬಲಹೆಗಲು ಅರ್ಧ ಇಂಚು ಮ್ಯಾಲ ಐತ್ರಿ. ಈ ಕಟಿಂಗಿನಂಗ ಹೊಲದ್ರ ಅಂಗಿ ನಿಮ್ಮ ಮೈಮ್ಯಾಲ ಜಗಳಾಡತೈತಿ."

ಕೋಣೆಯೆಲ್ಲ ನಗೆ. ಹುಡುಗಿ ಅದನ್ನು ಮಷೀನಿಗೆ ಹೇಳಿದಳು. ಅದು ಕೂಡಲೇ ಬಲಹೆಗಲು ತಿದ್ದಿ ಕೊಟ್ಟಿತು. ನಾನು ಮತ್ತೆ ಚಪ್ಪಾಳೆ ತಟ್ಟಿದೆ.

"ನೋಡ್ರಿ, ಇದು ಭಾಳ ಶಾಣ್ಯಾ ಐತಿ. ಆದ್ರ ಇದು ಸರ್ ಅವರ ಹಿಂದ ನಿಂತು ನೋಡಿಲ್ಲ. ನೋಡಿದಾವ್ರು ಹೇಳಬೇಕು."

"ಹಂಗಾದ್ರ ಬರಿಯೂದು ನಾವ್ಯಾಕ ಕಲೀಬೇಕ್ರಿ?" ಎಂದು ಹಿಂದಿನಿಂದ ಒಬ್ಬ ಹುಡುಗ ಕೇಳಿದ.

"ತಮ್ಮಾ, ರೆಡಿಮೇಡ್ ಬಂದಾಗ ನನ್ನ ಅಂಗಡಿ ಮುಚ್ಚತೈತಿ ಅಂದ್ರು. ಮುಚ್ಚಲಿಲ್ಲ. ಈಗ ರೆಡಿಮೇಡ್ ತಂದು ನನ್ನ ಮುಂದ ಒಗೀತಾರ, ಇಲ್ಲಿ ಬಿಗಿ, ಅಲ್ಲಿ ಸಡ್ಲ ಅಂತ. ಹೊಲದಾವ ಎಲ್ಲ್ಯೋ ಇರತಾನ. ಯಾವ ಹೊಲಿಗಿ ಬಿಚ್ಚಿದ್ರ ಅಂಗಿ ಉಳೀತೈತಿ, ಯಾವುದು ಬಿಚ್ಚಿದ್ರ ತೋಳ ಕೈಗೆ ಬರತೈತಿ, ಅದು ನನಗ ಗೊತ್ತಿರಬೇಕು. ಹೊಲಿಯೂದು ಬಾರದಾವಗ ಬಿಚ್ಚೂದು ಬರಂಗಿಲ್ಲ. ಅದಕ್ಕ ಯಾವುದರ ಒಂದು ಭಾಷಿಯೊಳಗ ಕೈ ಚುಚ್ಚಿಸಿಕೊಂಡು ಹೊಲೀರಿ. ಆಮ್ಯಾಲ ಯಾವುದು ಬಂದ್ರೂ ಬಿಚ್ಚತೀರಿ."

ಇಷ್ಟು ಮಾತು ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ಕಿವಿ ಬಿಸಿಯಾಗಿ, ಮುಗಿಲ ಮೇಲೆ ನಿಂತಂತಾಗಿತ್ತು. ಅಷ್ಟರಲ್ಲಿ ಮುನ್ನಿ ಎದ್ದು, ತಾನು ಪ್ರತಿ ವರ್ಷ ಹೇಳುವ ಫ್ಲಾಪಿಯ ಕಥೆ ಶುರುಮಾಡಿದಳು. ಧೂಳು ಹೊಕ್ಕು ಎಲ್ಲ ಹೋದದ್ದು, ಭಾಷೆಯೇ ಬದಲಾದದ್ದು, ಮತ್ತೆ ಮೊದಲಿನಿಂದ ಕಲಿತದ್ದು. "ಆ ಒಂದು ವಾರ ನಮ್ಮ ಭಾಯಿ ಮಷೀನಿಗೆ ಮುಸುಕು ಹಾಕಿ ನನಗ ಹೇಳಿಕೊಟ್ಟ. ನಾ ಇಲ್ಲಿ ನಿಂತಿದ್ದು ಅವನಿಂದ. ಅಂಥಾ ಅಣ್ಣ ಯಾರಿಗದಾನ ಹೇಳ್ರಿ?" ಎಲ್ಲರೂ ಎದ್ದು ನಿಂತು ನನಗೆ ಚಪ್ಪಾಳೆ ತಟ್ಟಿದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಚಪ್ಪಾಳೆ ತಡೆಯಲಾಗಲಿಲ್ಲ. ಚೀಲಕ್ಕೆ ಕೈ ಹಾಕಿದೆ. ಚುಂಬಕ ಹೊರಬಂತು, ಗುಂಡುಸೂಜಿಗಳೆಲ್ಲ ಅಂಟಿ ಮುಳ್ಳುಹಂದಿಯಾಗಿತ್ತು.

"ಧೂಳಿ ಅಲ್ರಿ. ಇದು. ನಾ ಇಟ್ಟೆ. ಇಡಂಗಿಲ್ಲ ಅಂತ ಭಾಷಿ ಕೊಟ್ಟು ಇಟ್ಟೆ."

ಚಪ್ಪಾಳೆ ಅರ್ಧಕ್ಕೆ ನಿಂತಿತು. ಮುನ್ನಿ ಚುಂಬಕವನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಆಮೇಲೆ ಹುಡುಗರ ಕಡೆ ತಿರುಗಿ, "ಬರಕೊಳ್ರಿ" ಎಂದಳು. "ಇಪ್ಪತ್ತನಾಲ್ಕು ವರ್ಷದ ಹಳೇ ಬಗ್ ಇವತ್ತ ಸಿಕ್ತು. ನಾ ಹುಡುಕಿದ ಜಾಗಾ ತಪ್ಪಿತ್ತು." ಹುಡುಗರು ನಕ್ಕರು. ಪಾಠ ಮುಗಿಯಿತು.

ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಾವಿಬ್ಬರೇ ಕುಳಿತೆವು. ಆಕೆ ಚಹಾ ಪಕ್ಕಕ್ಕೆ ಸರಿಸಿದಳು.

"ಅಷ್ಟು ಮಂದಿ ಮುಂದ ಹೇಳಿದಿ. ನನ್ನೊಬ್ಬಾಕಿ ಮುಂದ ಹೇಳಾಕ ಆಗಲಿಲ್ಲೇನು?"

ನಾನು ಚಹಾದ ಬಶಿ ತಿರುಗಿಸಿದೆ.

"ಧೂಳಿ ಅಂತ ಮಂದಿಗೆ ಹೇಳತಿದ್ದೆ ಭಾಯೀ. ನನ್ನ ಮನಸಿನ್ಯಾಗ, ನಾನ ಫ್ಲಾಪಿಯೊಳಗ ಉಳಿಸೂದು ಮರತೆ ಅಂತ ಇತ್ತು. ನನ್ನ ಕೈಯ ತಪ್ಪು ಅಂತ. ಒಂದು ಕೆಲಸಾ ಮುಗಿಸಿದ್ರ ಮೂರು ಸಲ ನೋಡತೇನಿ, ಇನ್ನೂ ನಂಬಿಕಿ ಬರಂಗಿಲ್ಲ."

ಮೂರು ಪ್ರತಿ. ಅಕ್ಕಿ ಡಬ್ಬಿಯಲ್ಲಿನ ಯಾದಿ. ನಾವು ನಕ್ಕದ್ದೆಲ್ಲ ನೆನಪಾಯಿತು. ತಪ್ಪಾತು ಎಂದೆ. ಆಕೆ ಕೈ ಚಾಚಿದಳು. ಕೈಯಲ್ಲಿ ಕೈಯಿಡಲು ಹೋದೆ.

"ಕೈ ಅಲ್ಲ. ಅದನ್ನ ಕೊಡು."

ಚುಂಬಕ ಕೊಟ್ಟೆ. ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತು ನನಗೆ ಮರಳಿಸಿ, ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

"ಸೂಜಿ ಬಿದ್ರ ಏನ ಮಾಡಲಿ?"

"ಬಗ್ಗಿ ಹುಡುಕು" ಎಂದಳು. ನಗಲಿಲ್ಲ. ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ನೋಡಿದೆ, ಆಗ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ನಗುವೋ ಅಳುವೋ ಬಸ್ಸಿನ ಹೊಗೆಯಲ್ಲಿ ತಿಳಿಯಲಿಲ್ಲ.

ಎರಡು ವಾರ ಫೋನು ಬರಲಿಲ್ಲ. ಹೋದ ರವಿವಾರ ತಾನೇ ರೋಣಕ್ಕೆ ಬಂದಳು. ಬಂದವಳೇ ಕೆಂಪು ಲಾಡಿಗೆ ಕಟ್ಟಿದ ಬೆರಳುದ್ದದ ಪೆನ್‌ಡ್ರೈವ್ ನನ್ನ ಕೊರಳಿಗೆ ಹಾಕಿದಳು, ತಾಯಿತ ಕಟ್ಟಿದ ಹಾಗೆ.

"ಮೂರನೇ ಸಲ ಬರದೇನಿ, ಹೆಬ್ಬಾವಿನ ಭಾಷಿಯೊಳಗ. ಅಬ್ಬಾ ಹೇಳಿದ್ದೆಲ್ಲಾ ಐತಿ. ಎರಡೂ ಹೆಗಲು ಬ್ಯಾರೆ ಬ್ಯಾರೆ ಕೇಳತೈತಿ ಈ ಸಲ."

"ಎಷ್ಟು ಕಾಪಿ ಇಟ್ಟಿ?"

"ಇದೊಂದ."

ತಮಾಷೆ ಎಂದುಕೊಂಡೆ. ಮುಖ ನೋಡಿದೆ, ತಮಾಷೆ ಅಲ್ಲ. ತಾನಾಗಿಯೇ ಬಲಗೈ ಮುಂದೆ ಚಾಚಿದೆ, ಭಾಷೆ ಕೊಡಲು.

"ಈ ಸಲ ಭಾಷಿ ಬ್ಯಾಡ" ಎಂದಳು ಮುನ್ನಿ. "ಇಟಗೋ."

ಇವತ್ತು ಬಿದ್ದ ಸೂಜಿ ಸಿಕ್ಕಿತು, ಮಷೀನಿನ ಪೆಡ್ಲಿನ ಹಿಂದೆ. ಬಗ್ಗಿ ಎತ್ತಿಕೊಳ್ಳುವಾಗ ಕೊರಳಿನ ಪೆನ್‌ಡ್ರೈವ್ ಜೋತಾಡಿ ನೆಲಕ್ಕೆ ಟಪ್ಪೆಂದು ತಾಗಿತು. ಎತ್ತಿ, ಧೂಳು ಒರೆಸಿ, ಕಿವಿಗೆ ಹಿಡಿದು ನೋಡಿದೆ, ಏನು ಕೇಳಿಸಬೇಕಿತ್ತೋ! ಕೂಡಲೇ ನರಗುಂದಕ್ಕೆ ಫೋನು ಹಚ್ಚಿದೆ.

"ಮುನ್ನೀ, ಬಗ್ಗಿ ಸೂಜಿ ಹುಡುಕಾಕತ್ತಿದ್ದೆ. ನೀ ಕೊಟ್ಟಿದ್ದು ನೆಲಕ್ಕ ಬಡೀತು. ನಾನ ಬಡಿಸಿದೆ. ಈಗ, ಈಗ ಆತು."



"ಏನೂ ಆಗಂಗಿಲ್ಲ ಬಿಡು ಭಾಯೀ" ಎಂದಳು. "ಸೂಜಿ ಸಿಕ್ತೇನು?"